ಅಫ್ತಾಬ್ ಸಾಹೇಬರ ಬಾಚಣಿಗೆ

ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಅಫ್ತಾಬ್ ಸಾಹೇಬರಿಂದ ಫೋಟೊ ತೆಗೆಸಿಕೊಳ್ಳದ ಮುಖವಿಲ್ಲ. ನನ್ನ ಮದುವೆ ಕುದುರಿದ್ದೂ ಅವರು ತೆಗೆದ ಫೋಟೊದಿಂದಲೇ. ಅದಕ್ಕೆ ನನ್ನ ಹೆಂಡತಿ ಈಗಲೂ ಅವರನ್ನೇ ದೂರುತ್ತಾಳೆ. ಫೋಟೊಗಳಿಗೆ ಕಟ್ಟು ಹಾಕುವ ನನ್ನ ಅಂಗಡಿ ಅವರ ಸ್ಟುಡಿಯೊಗೆ ಎದುರುಬದುರು. ಸಾಹೇಬರ ಜೇಬಿನಲ್ಲಿ ಸದಾ ಒಂದು ಬಾಚಣಿಗೆ. ಮಂತ್ರಿಯ ಬಾಮೈದುನನೇ ಬರಲಿ, ಕೆದರಿದ ತಲೆ ಬಾಚದೆ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಇನ್ನೊಂದು ಹಟವೂ ಇತ್ತು. ಬಾಗಿಲ ಬಳಿಯ ಶೋಕೇಸಿನಲ್ಲಿ ಯಾರ ಫೋಟೊ ಇಡಬೇಕಾದರೂ ಮೊದಲು ಫೋಟೊದಲ್ಲಿರುವವರಿಗೇ ತೋರಿಸಿ ಹ್ಞೂಂ ಅನ್ನಿಸಿಕೊಳ್ಳಬೇಕು.

"ಮುಖ ಅವರದು, ನಮ್ದಲ್ಲ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ವಾಲಿತು, ಮಾತು ನಿಧಾನವಾಯಿತು. ಅಂದಿನಿಂದ ಎಲ್ಲಕ್ಕೂ ಮಗ ಮುನೀರನೇ. ಬೆಳಿಗ್ಗೆ ಸ್ಟುಡಿಯೊ ತೆರೆಯುವ ಮೊದಲು ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲಿಗೆ ಟವೆಲ್ ಹಾಕಿ, ನೊರೆ ಹಚ್ಚಿ ಶೇವ್ ಮಾಡುತ್ತಾನೆ.

ಅದರ ಫೋಟೊ ತೆಗೆದವಳು ನಿಖಿತಾ. ಮನೆಗಳಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ಚಿತ್ರಗಳ ಪ್ರದರ್ಶನಕ್ಕೆಂದು ಊರೆಲ್ಲ ಅಲೆಯುತ್ತಿದ್ದ ಹುಡುಗಿ. ಕ್ಯಾಮೆರಾ ಹಿಡಿದವರನ್ನು ಕಂಡರೆ ಸಾಹೇಬರಿಗೆ ಪ್ರೀತಿ, ಅವಳು ತೆಗೆಯುವಾಗ ಸುಮ್ಮನಿರುತ್ತಿದ್ದರು. ಆದರೆ ಅವಳು "ಪ್ರದರ್ಶನಕ್ಕೆ ಹಾಕ್ಲಾ?" ಎಂದು ಕೇಳಿದಾಗ ಅವರಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತ್ತು. ಮುನೀರ್ ತಾನೇ ಹ್ಞೂಂ ಅಂದುಬಿಟ್ಟ. ದೀಪದ ಬುಡದಲ್ಲೇ ಕತ್ತಲೆ.

ಕಟ್ಟು ಹಾಕಲು ಚಿತ್ರ ನನ್ನಲ್ಲಿಗೇ ಬಂತು. ಸಾಹೇಬರ ಅರ್ಧ ಮುಖಕ್ಕೆ ನೊರೆ. ವಾಲಿದ ತುಟಿಯಿಂದ ಇಳಿದ ಜೊಲ್ಲನ್ನು ಮುನೀರ್ ಹೆಬ್ಬೆರಳಿನಿಂದ ಒರೆಸುತ್ತಿದ್ದಾನೆ. ಎದುರಿನಿಂದ ಬಂದು ಅದನ್ನು ನೋಡಿದ ಮುನೀರ್ ಬಿಳಿಚಿಕೊಂಡ.

"ಭಾಯ್, ಅಬ್ಬಾ ಇದನ್ನ ನೋಡಿದ್ರೆ ಮತ್ತೆ ನನ್ನತ್ರ ಶೇವ್ ಮಾಡಿಸ್ಕೊಳಲ್ಲ" ಅಂದ.

"ಹಂಗಾದ್ರೆ ಈಗ್ಲೇ ಹೋಗಿ ಕೇಳು."

"ಏನಂತ ಕೇಳ್ಲಿ? ನಿಮ್ ಜೊಲ್ಲನ್ನ ಊರಿಗೆಲ್ಲ ತೋರಿಸ್ಲಾ ಅಂತಾನಾ?"

ಕೇಳಲಿಲ್ಲ. ನಿಖಿತಾಗೆ ಬೇಡವೆಂದೂ ಹೇಳಲಿಲ್ಲ. ಅಂಥ ಧೈರ್ಯವಂತ ನಮ್ಮ ಮುನೀರ್.

ಪ್ರದರ್ಶನ ಶುರುವಾದ ದಿನ ನಿಖಿತಾ ಆಟೊ ತಂದು ನಿಲ್ಲಿಸಿ, ನೇರವಾಗಿ ಸಾಹೇಬರಿಗೇ ಹೇಳಿದಳು. "ತಾತ, ನಿಮ್ ಫೋಟೊ ಗೋಡೆಗೆ ಹಾಕಿದೀವಿ. ನೋಡೋಕೆ ಬನ್ನಿ."

ಸಾಹೇಬರು ಮಗನತ್ತ ತಿರುಗಿದರು. ಅವನು ನೆಲ ನೋಡಿದ. ಅವರು ಕೋಟು ತರಲು ಸನ್ನೆ ಮಾಡಿದರು.

ನಿಖಿತಾ ಸ್ಕೂಟರಿನಲ್ಲಿ ಮುಂದೆ ಹೋದಳು, ಆಟೊದಲ್ಲಿ ನಾವು ಮೂವರು. ಪ್ರದರ್ಶನ ಇದ್ದದ್ದು ರಿಚರ್ಡ್ಸ್ ಟೌನಿನಲ್ಲಿ. ಮುನೀರ್ ಹೆದರಿ ಮುದುಡಿ ಕೂತಿದ್ದ. ಸುಳ್ಳೇಕೆ, ನನಗೂ ಭಯವಾಗಿತ್ತು. ಮಗನನ್ನು ಹತ್ತಿರ ಬಿಟ್ಟುಕೊಳ್ಳದಿದ್ದರೆ ಈ ಮುದುಕರಿಗೆ ಇನ್ನಾರು ಗತಿ?

ಸಾಹೇಬರು ಮಗನ ಹೆಗಲು ಹಿಡಿದು ಚಿತ್ರದ ಮುಂದೆ ನಿಂತರು.

"ಅಬ್ಬಾ, ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು. ತೆಗೆಸ್ಬಿಡ್ತೀನಿ" ಅಂದ ಮುನೀರ್.

"ಕೇಳ್ಬೇಕಿತ್ತು" ಎಂದು ಸಾಹೇಬರು ಎಡಗೈ ಎತ್ತಿ ಚಿತ್ರದಲ್ಲಿದ್ದ ಮಗನ ಮುಖಕ್ಕೆ ಬೆರಳು ತೋರಿಸಿದರು. "ಕೇಳಿದ್ರೆ ಬೇಡ ಅಂತಿದ್ದೆ. ಇದೇನು ತಲೆ ನಿಂದು? ಬಾಚೇ ಇಲ್ಲ."

ಆಗ ನಾನೂ ನೋಡಿದೆ. ಮಾಸಿದ ಬನಿಯನ್, ನಿದ್ದೆಗೆಟ್ಟ ಕಣ್ಣು, ಹಕ್ಕಿಗೂಡಿನಂಥ ತಲೆ. ಕಟ್ಟು ಹಾಕುವಾಗ ನಾವಿಬ್ಬರೂ ಸಾಹೇಬರ ಬಾಯನ್ನೇ ನೋಡುತ್ತ ಕೂತಿದ್ದೆವು.

"ದಿನಾ ನಿನ್ ಕೈ ಕಾಣುತ್ತೆ, ನೊರೆ ಕಾಣುತ್ತೆ" ಅಂದರು ಸಾಹೇಬರು, ಒಂದೊಂದೇ ಮಾತು ಹೆಕ್ಕಿ. "ನಿನ್ ಮುಖ ಇವತ್ತು ನೋಡ್ದೆ. ಎಷ್ಟು ಸೋತಿದ್ದೀಯೋ ಮಗನೇ."

ಮುನೀರ್ ನಗಲು ಹೋಗಿ ಅತ್ತುಬಿಟ್ಟ.

ಸಾಹೇಬರು ಎಡಗೈಯನ್ನೇ ಕೋಟಿನ ಜೇಬಿಗೆ ತೂರಿಸಿ ಬಾಚಣಿಗೆ ತೆಗೆದರು. "ಬಗ್ಗು" ಅಂದರು. ಮುನೀರ್ ಬಗ್ಗಿದ. ಅಭ್ಯಾಸವಿಲ್ಲದ ಕೈ, ಬೈತಲೆ ಸೊಟ್ಟಗೆ ಬಂತು. ಅವರು ಬಿಡದೆ ಮತ್ತೆ ಬಾಚಿದರು.

ನಿಖಿತಾ ಕ್ಯಾಮೆರಾ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. "ತೆಗೀಲಾ ತಾತ?"

"ನನ್ನನ್ನಲ್ಲ, ಇವನನ್ನ ಕೇಳು" ಅಂದರು ಸಾಹೇಬರು. "ಮುಖ ಇವನದು."

ತಂದೆಯ ಕೈಕೆಳಗೆ ತಲೆ ಬಗ್ಗಿಸಿಕೊಂಡೇ ಮುನೀರ್ ಹ್ಞೂಂ ಅಂದ.