ಪಿತೃಪಕ್ಷದಲ್ಲಿ ಸಿಕ್ಕಿಕೊಂಡ ಮೇಲ್ಮನವಿ

ನಮ್ಮ ತೋಟದ ದಾರಿಗೆ ಪಕ್ಕದ ಮನೆಯವನು ಕಬ್ಬಿಣದ ಗೇಟು ಹಾಕಿ ಬೀಗ ಜಡಿದ. ತೋಟ ನನಗೂ ಮೇಳಿಗೆಯಲ್ಲಿರುವ ಅಕ್ಕನಿಗೂ ಜಂಟಿ. ಹೊಸನಗರದ ಕೋರ್ಟಿನಲ್ಲಿ ನಾವು ಸೋತೆವು. ಸಾಗರದ ಮೇಲಿನ ಕೋರ್ಟಿಗೆ ಹೋಗಲು ಮೂವತ್ತು ದಿನದ ಗಡುವು. ತೀರ್ಪಿನ ನಕಲು ತೆಗೆಯಲು ಹಿಡಿದ ದಿನಗಳಿಗಷ್ಟೇ ರಿಯಾಯಿತಿ. ಅದು ತಪ್ಪಿದರೆ ಗೇಟು ಕಾಯಂ, ಗೊಬ್ಬರವನ್ನು ತಲೆಮೇಲೆ ಹೊತ್ತು ಹಳ್ಳ ದಾಟಬೇಕು.

ಓದುವಾಗ ಹಾಸ್ಟೆಲಿನಲ್ಲಿ ಗಂಟೆ ಹೊಡೆಯುವ ಮೊದಲೇ ಸ್ನಾನ ಮುಗಿಸುತ್ತಿದ್ದವನು ನಾನು. ತೀರ್ಪಿನ ದಿನವೇ ನಕಲಿಗೆ ಅರ್ಜಿ ಕೊಟ್ಟೆ. ವಕೀಲರು ಮೇಲ್ಮನವಿ ಬರೆದು ಮುಗಿಸಲು ಎರಡು ವಾರ ಹಿಡಿಯಿತು, ಅಷ್ಟರಲ್ಲಿ ಹದಿನೈದು ದಿನದ ಪಿತೃಪಕ್ಷ ಶುರುವಾಗಿತ್ತು. ವಕಾಲತ್ತಿಗೆ ಅಕ್ಕನ ಸಹಿಯೊಂದು ಬಾಕಿಯಿತ್ತು.

"ಪಿತೃಪಕ್ಷ ಮುಗೀಲಿ ಮಾರಾಯಾ. ಈಗ ಹೊಸ ಕೆಲಸ ಶುರು ಮಾಡದಿಲ್ಲೆ" ಎಂದಳು.

"ಹೊಸ್ತಲ್ಲ ಅಕ್ಕ, ಹಳೇ ಕೇಸೇ."

"ಹಳೇದಾದ್ರೆ ಹೊಸ ಸಹಿ ಎಂತಕ್ಕೆ?"

"ಅಪ್ಪಯ್ಯ ಮಾಡಿದ ತೋಟ. ಅವನೇ ಬ್ಯಾಡ ಹೇಳ್ತ್ನಾ?"

"ಹೇಳ್ತ್ನಿಲ್ಲೆ. ಊಟಕ್ಕೆ ಬಂದವ್ರ ಮುಂದೆ ಜಗಳದ ಕಾಗದ ಬಿಡಿಸ್ತ್ವಾ?"

ಸತ್ತವರಿಗೆ ಗಡುವಿಲ್ಲ, ಆರಾಮಾಗಿ ಉಂಡು ಹೋಗುತ್ತಾರೆ. ಅಕ್ಕನನ್ನು ಎದುರುದಾರಳನ್ನಾಗಿ ಮಾಡಿ ನಾನೊಬ್ಬನೇ ಮೇಲ್ಮನವಿ ಹಾಕಬಹುದು ಎಂದು ವಕೀಲರು ದಾರಿ ತೋರಿಸಿದರು. ಕೋರ್ಟಿನಲ್ಲಿ ಗೆದ್ದು ಆಮೇಲೆ ಅಕ್ಕನ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಮಹಾಲಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆಯೇ ಅವಳು ಸಹಿ ಹಾಕಿದಳು. ಅಷ್ಟರಲ್ಲಿ ಗಡುವು ದಾಟಿತ್ತು.

ತಡವಾದದ್ದಕ್ಕೆ ಕಾರಣ ಬರೆದು ಪ್ರಮಾಣ ಮಾಡಬೇಕು. "ಅಕ್ಕನೋರಿಗೆ ಕಾಮಾಲೆ ಅಂತ ಬರೀತೀನಿ ಸಾರ್. ಅಫಿಡವಿಟ್ಟಲ್ಲಿ ಎಲ್ರಿಗೂ ಕಾಮಾಲೆನೇ" ಎಂದರು ವಕೀಲರು.

ಅಕ್ಕ ಸಿಡಿದಳು: "ಯಂಗೆ ಕಾಮಾಲೆ ಹೇಳಿ ಊರಿಗೆಲ್ಲ ಗೊತ್ತಾದ್ರೆ ಯನ್ನ ಕೈಯ ಊಟ ಯಾರು ಮಾಡ್ತ?"

ಇದ್ದದ್ದನ್ನೇ ಬರೆಸಿದೆವು. ಸಾಗರದಲ್ಲಿ ಎದುರು ವಕೀಲರು ಎದ್ದು, ಪಿತೃಪಕ್ಷ ಒಂದು ಕಾರಣವೇ ಅಲ್ಲ, ಬರೀ ಮೂಢನಂಬಿಕೆ ಎಂದು ವಾದಿಸಿದರು. ಹಿಂದಿನ ಬೆಂಚಿನಿಂದ ಅಕ್ಕನ ದನಿ ಬಂತು: "ಇವ್ರ ಕಕ್ಷಿದಾರನೇ ನಮ್ಮ ತಮ್ಮನ ಮನೇಲಿ ಮೊನ್ನೆ ಪಿತೃಪಕ್ಷದ ಊಟ ಮಾಡಿ ಹೋಗಿದಾನೆ, ಕೇಳಿ!"

ನ್ಯಾಯಾಧೀಶರು ಪಕ್ಕದ ಮನೆಯವನ ಕಡೆ ನೋಡಿದರು. "ಹೌದೇನ್ರೀ?"

"ಹೌದು ಸ್ವಾಮಿ. ಕರೆದಿದ್ರು, ಹೋಗಿದ್ದೆ."

"ವಡೆ ಎರಡು ಸಲ ಹಾಕಿಸ್ಕೊಂಡಿದ್ದೂ ಹೇಳು!"

ಅಕ್ಕನಿಗೆ ಸುಮ್ಮನೆ ಕೂರಲು ತಾಕೀತಾಯಿತು. ನಮಗೆ ಒಂದಿಷ್ಟು ದಂಡ ಬಿತ್ತು, ವಿಳಂಬ ಮನ್ನಾ ಆಯಿತು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಬೀಗ ತೆಗೆದಿರಬೇಕು ಎಂಬ ಆದೇಶವೂ ಸಿಕ್ಕಿತು.

ಸೋಮವಾರ ಏಳೂವರೆಗೆ ಬೀಗ ತೆಗೆಯುತ್ತೇನೆಂದು ಅವನು ಒಪ್ಪಿದ್ದ. ನಾನು ಐದು ನಿಮಿಷ ಮೊದಲೇ ಗೇಟಿನ ಬಳಿ ನಿಂತೆ, ಅಕ್ಕನೂ ಬಂದಿದ್ದಳು. ಅವನು ಕೀಲಿ ಹಿಡಿದು ಬಂದಾಗ ಒಂಬತ್ತು ದಾಟಿತ್ತು. ಕೋರ್ಟಿನ ಆದೇಶಕ್ಕೂ ಬೆಲೆಯಿಲ್ಲವೇ ಎಂದು ರೇಗಿದೆ.

"ರಾಹುಕಾಲ ಇತ್ತಲ್ಲ ಮಾರಾಯ್ರೆ" ಎಂದ.

ಅಕ್ಕ ನನ್ನತ್ತ ತಿರುಗಿದಳು. "ನೋಡು, ಅಂವಂಗಾದ್ರೂ ಬುದ್ಧಿ ಇದ್ದು."