ಬಟ್ಟೆ ಕೂರುವವರೆಗೆ ಸಂಬಳವಿಲ್ಲ

ನನ್ನ ದೊಡ್ಡಮ್ಮ ಆ ಹೊಲಿಗೆ ಅಂಗಡಿಗೆ ಸೇರಿದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಈಗ ನನ್ನ ಮಗಳಿಗೆ ಹಲ್ಲು ಬರುತ್ತಿದೆ. ನಡುವಿನ ಅಷ್ಟೂ ಕಾಲ ಅವಳು ಒಂದೇ ಕಿಟಕಿಯ ಕೆಳಗೆ ಕೂತು ಕಂಡವರ ಪ್ಯಾಂಟು, ಕೋಟು ಹೊಲಿದಳು. ಕಾಜಾ ಹಾಕುವುದರಿಂದ ಶುರುವಾದದ್ದು, ಬರಬರುತ್ತಾ ಕೋಟಿಗೆ ತೋಳು ಕೂರಿಸುವ ಕೆಲಸ ಅವಳೊಬ್ಬಳದೇ ಆಯಿತು. ಬಾಯಿ ಮಾತ್ರ ಮೊದಲ ದಿನದಿಂದಲೂ ಹಾಗೇ ಇದೆ. ಕತ್ತರಿಗೆ ಆಗಾಗ ಸಾಣೆ ಹಿಡಿಸಬೇಕು, ಇವಳ ನಾಲಿಗೆಗೆ ಬೇಡ ಎಂದು ಅಲ್ಲಿನ ಕಟಿಂಗ್ ಮಾಸ್ತರರು ಹೇಳುತ್ತಿದ್ದರಂತೆ.

ಮನೆಯಲ್ಲೇ ಸ್ವಂತವಾಗಿ ಹೊಲಿಯೋಣ ಎಂದು ಅವಳು ಕೆಲಸ ಬಿಟ್ಟಳು. ಯಾರೋ ಬಳಸಿದ್ದ ಮೋಟಾರ್ ಮಿಷನ್ ಒಂದನ್ನು ನೋಡಿಟ್ಟಿದ್ದಳು. ಮಾರುವವನು, "ಶನಿವಾರದ ತನಕ ಇಟ್ಟಿರ್ತೀನಮ್ಮ, ಆಮೇಲೆ ಯಾರು ದುಡ್ಡು ತಂದ್ರೆ ಅವರಿಗೆ" ಅಂದಿದ್ದ. ಕೊನೆಯ ತಿಂಗಳ ಸಂಬಳ ಪೂರ್ತಿ ಕೈಗೆ ಬಂದರೆ ಮಿಷನ್ ಮನೆಗೆ ಬಂದ ಹಾಗೆ. ಬರದಿದ್ದರೆ ಕೆಲಸವೂ ಇಲ್ಲ, ಮಿಷನ್ನೂ ಇಲ್ಲ.

ಆ ಅಂಗಡಿಯಲ್ಲೊಂದು ಪದ್ಧತಿ. ಬಿಟ್ಟು ಹೋಗುವವರಿಗೆ ಕೊನೆಯ ಸಂಬಳ ಕೂಡಲೇ ಕೊಡುವುದಿಲ್ಲ. ಅವರು ಹೊಲಿದ ಬಟ್ಟೆ ಗಿರಾಕಿಯ ಮೈಮೇಲೆ ಸರಿಯಾಗಿ ಕೂರಬೇಕು, ಯಾವುದೂ ವಾಪಸ್ ಬರಬಾರದು, ಆಮೇಲೆ. ಕೂತಿತೋ ಇಲ್ಲವೋ ಎಂದು ಹೇಳುವವರು ಮಾಲೀಕರೇ. "ನಾಳೆ ಬಾಮ್ಮ" ಅನ್ನುವುದು ಅವರಿಗೆ ಬಾಯಿಪಾಠ. ಅದಕ್ಕೇ ಅಲ್ಲಿ ಹೊಲಿಯುವ ಹೆಂಗಸರೆಲ್ಲ ಸೇರಿ ಅವರಿಗೆ ನಾಳೆಯಪ್ಪ ಎಂದು ಹೆಸರಿಟ್ಟಿದ್ದರು. ಹಿಂದೆ ಬಿಟ್ಟವರೆಲ್ಲ ನಾಲ್ಕು ಸಲ ಅಲೆದು, ಚಪ್ಪಲಿ ಸವೆಸಿ, ಸುಮ್ಮನಾಗಿದ್ದರು.

ದೊಡ್ಡಮ್ಮನೂ ಹೋಗಿ ಬರಿಗೈಯಲ್ಲಿ ಬಂದಳು. ಶುಕ್ರವಾರ ಬೆಳಿಗ್ಗೆ ನನ್ನನ್ನೂ ಹೊರಡಿಸಿದಳು.

"ಜಗಳ ಬೇಡ ದೊಡ್ಡಮ್ಮ. ಪಾಪುಗೆ ಮೈ ಬೆಚ್ಚಗಿದೆ. ಅಲ್ಲಿ ಧೂಳು, ಸೂಜಿ..."

"ಹಲ್ಲು ಬರೋ ಮಗು ಬೆಚ್ಚಗಿರದೆ ಐಸಿನ ಥರ ಇರುತ್ತೇನೇ? ಓದಿದವಳು ನೀನು, ಪಕ್ಕದಲ್ಲಿ ಕೂತ್ಕೋ ಸಾಕು. ಬಾಯಿ ನಂದಿದೆ."

ಅಂಗಡಿಯ ಮುಂಭಾಗದಲ್ಲಿ ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ, ಗಿರಾಕಿಗಳಿಗೊಂದು ಸೋಫಾ. ಪರದೆಯ ಹಿಂದೆ ಮಿಷನ್ನುಗಳ ಸದ್ದು. ಕೆಲಸದವರು ಹಿಂಬಾಗಿಲಿಂದ ಬರಬೇಕು. ದೊಡ್ಡಮ್ಮ ಗಾಜಿನ ಬಾಗಿಲು ತಳ್ಳಿಕೊಂಡು ಹೋಗಿ ಸೋಫಾದ ನಟ್ಟನಡುವೆ ಕೂತಳು. ನಾನು ಮಗುವನ್ನು ಅವುಚಿಕೊಂಡು ಅಂಚಿನಲ್ಲಿ ಕೂತೆ.

"ಏನಮ್ಮ ಇದು? ಇದು ಗಿರಾಕಿಗಳು ಕೂರೋ ಜಾಗ" ಅಂದರು ನಾಳೆಯಪ್ಪ.

"ಗೊತ್ತು. ಇದಕ್ಕೆ ಬಟ್ಟೆ ಹೊಲಿದವಳೇ ನಾನು. ಕೂರೋದು ಮಾತ್ರ ಇವತ್ತೇ ಮೊದಲು. ಪರವಾಗಿಲ್ಲ, ಮೆತ್ತಗಿದೆ."

"ನಾಳೆ ಬಾ, ನೋಡೋಣ."

"ನಾಳೆ ಬೇರೆ ಕೆಲಸ ಇದೆ. ನಾನು ಹೊಲಿದಿದ್ದು ಕೂತ್ಮೇಲೆ ಕೊಡ್ತೀನಿ ಅಂದ್ರಲ್ಲ? ಕೂತಿದೆಯೋ ಇಲ್ವೋ ನಾನೇ ವಿಚಾರಿಸಿ ಹೇಳ್ತೀನಿ. ನಿಮಗ್ಯಾಕೆ ತೊಂದರೆ?"

ಅಷ್ಟರಲ್ಲಿ ಕರಿ ಕೋಟಿನ ವಕೀಲರೊಬ್ಬರು ಒಳಗೆ ಬಂದರು. ದೊಡ್ಡಮ್ಮ ಎದ್ದು ನಿಂತಳು. "ನಮಸ್ಕಾರ ಸರ್. ಈ ಕೋಟಿಗೆ ತೋಳು ಕೂರಿಸಿದ್ದು ನಾನು. ಸ್ವಲ್ಪ ಕೈ ಎತ್ತಿ."

ಪಾಪ, ವಕೀಲರು ಶಾಲೆ ಹುಡುಗನ ಹಾಗೆ ಎರಡೂ ಕೈ ಎತ್ತಿಬಿಟ್ಟರು.

"ಎಲ್ಲಾದ್ರೂ ಹಿಡಿಯುತ್ತಾ?"

"ಇಲ್ವಲ್ಲ, ಚೆನ್ನಾಗೇ ಇದೆ. ಯಾಕಮ್ಮ?"

"ನೀವು ಹಾಗನ್ನೋ ತನಕ ನನಗೆ ಸಂಬಳ ಇಲ್ಲವಂತೆ. ಕೈ ಇಳಿಸಿ ಸರ್, ನೋವಾಗುತ್ತೆ."

ವಕೀಲರು ಕೈ ಇಳಿಸಿ ನಾಳೆಯಪ್ಪನ ಕಡೆ ತಿರುಗಿದರು. "ಹೌದೇನ್ರೀ?" ನಾಳೆಯಪ್ಪ ಹಲ್ಲು ಬಿಟ್ಟು ಅಳತೆ ಪುಸ್ತಕ ತಿರುವತೊಡಗಿದರು. ಮಕ್ಕಳ ಇನ್ನೊಂದು ಜೊತೆ ಯೂನಿಫಾರ್ಮ್ ಒಯ್ಯಲು ಬಂದ ತಾಯಿಯೊಬ್ಬಳಿಗೂ ಅದೇ ಪ್ರಶ್ನೆ, ಅದೇ ಕಾರಣ. ನನ್ನ ಕಿವಿ ಬಿಸಿಯಾಗಿತ್ತು. ಪೊಲೀಸರನ್ನು ಕರೆಸಿಬಿಟ್ಟರೆ? ಕೂಗಾಟಕ್ಕೆ ಮಗು ಬೆಚ್ಚಿಬಿದ್ದರೆ? ಮಗಳೋ, ಸೋಫಾದ ಅಂಚು ಕಚ್ಚುತ್ತಾ ಆರಾಮಾಗಿದ್ದಳು.

ಆಮೇಲೆ ಬಂದವರು ದಪ್ಪನೆಯ ಒಬ್ಬರು, ಕೈಯಲ್ಲಿ ಪ್ಯಾಂಟು. ಸೊಂಟ ಬಿಗಿ, ಸ್ವಲ್ಪ ಬಿಚ್ಚಿಕೊಡಿ ಅಂದರು. ನಾಳೆಯಪ್ಪನ ಮುಖ ಅರಳಿತು.

"ನೋಡಮ್ಮ! ವಾಪಸ್ ಬಂತಲ್ಲ! ನೀನು ಹೊಲಿದಿದ್ದೇ!"

"ಅಯ್ಯೋ, ಹೊಲಿಗೆದೇನೂ ತಪ್ಪಿಲ್ಲ" ಅಂದರು ಅವರು ಸಂಕೋಚದಿಂದ. "ನಮ್ಮನೆಯವರು ತವರಿಂದ ವಾಪಸ್ ಬಂದ್ರು. ಊಟ ಈಗ ಸರಿಯಾಗಿ ಸೇರ್ತಿದೆ."

"ಇವರು ಉಂಡಿದ್ದನ್ನೂ ನನ್ನ ಸಂಬಳದಲ್ಲೇ ಮುರ್ಕೊಳ್ತೀರಾ?" ಅಂದಳು ದೊಡ್ಡಮ್ಮ.

ಪರದೆಯ ಹಿಂದೆ ಮಿಷನ್ನುಗಳು ನಿಂತವು. ಯಾರೋ ಕಿಸಕ್ಕನೆ ನಕ್ಕರು. ನಾಳೆಯಪ್ಪ ನಮ್ಮನ್ನು ಬಟ್ಟೆ ತಾನುಗಳಿಡುವ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

"ಮಾನ ಕಳೀಬೇಡಮ್ಮ. ಅರ್ಧ ಈಗ ತಗೋ. ಉಳಿದದ್ದು ಮುಂದೆ ನೋಡೋಣ."

ನನಗೆ ಜೀವ ಬಂದಂತಾಯಿತು. "ತಗೊಂಡುಬಿಡು ದೊಡ್ಡಮ್ಮ, ಇಷ್ಟಾದ್ರೂ..." ಎಂದು ಪಿಸುಗುಟ್ಟಿದೆ.

"ನೀನು ಸುಮ್ನಿರೇ. ಒಂದೇ ತೋಳು ಕೂರಿಸಿ ಕೋಟು ಕೊಟ್ಟಿದ್ನಾ ನಾನು, ಅರ್ಧ ಸಂಬಳ ತಗೊಳ್ಳೋಕೆ?" ಎಂದು ಬಾಗಿಲ ಕಡೆ ತಿರುಗಿದಳು. "ಹೊರಗೆ ಯಾರೋ ಬಂದ ಹಾಗಿದೆ. ಅವರನ್ನೂ ಕೇಳ್ತೀನಿ."

"ತಡಿಯಮ್ಮ, ತಡಿ."

ಪೂರ್ತಿ ಕೊಟ್ಟರು. ದೊಡ್ಡಮ್ಮ ನಿಂತಲ್ಲೇ ಎಣಿಸಿದಳು.

"ಒಂದು ಮಾತು" ಎಂದು ನಾಳೆಯಪ್ಪ ದನಿ ತಗ್ಗಿಸಿದರು. "ನಿನ್ನ ಮೇಲಿನ ವಿಶ್ವಾಸಕ್ಕೆ ಕೊಟ್ಟಿದೀನಿ. ಒಳಗಿರೋರಿಗೆ ಗೊತ್ತಾಗೋದು ಬೇಡ. ಅಂಗಡಿ ಪದ್ಧತಿ ಕೆಡುತ್ತೆ."

ಅವಳು ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಸದ್ಯ ಮುಗಿಯಿತು ಎಂದು ನಾನು ಗಾಜಿನ ಬಾಗಿಲ ಕಡೆ ಹೊರಟರೆ, ದೊಡ್ಡಮ್ಮ ಪರದೆ ಸರಿಸಿ ಮಿಷನ್ನುಗಳ ನಡುವೆ ಹೋಗಿ ನಿಂತಿದ್ದಳು.

"ಕೇಳ್ರೇ ಎಲ್ಲಾ. ಕೊನೇ ತಿಂಗಳಿಂದು ಕೊಟ್ರು. ಪೂರ್ತಿ ಕೊಟ್ರು. ಯಾವ ಬಟ್ಟೆ ಕೂರೋದಕ್ಕೂ ಕಾಯಬೇಕಾಗಿಲ್ಲ."

"ಹೇಳಬೇಡ ಅಂದೆನಲ್ಲಮ್ಮ!" ನಾಳೆಯಪ್ಪ ಹಿಂದಿನಿಂದ ಓಡಿ ಬಂದರು.

"ನೀವಂದ್ರಿ. ನಾನು ಹೂಂ ಅಂದ್ನಾ?"

ಕಾಜಾ ಹಾಕುವವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತಿದಳು. "ಅಕ್ಕ, ನಮ್ಮ ನಾದಿನಿ ಇಲ್ಲಿ ಬಿಟ್ಟು ಹೋದಳಲ್ಲ, ಅವಳದೂ ಹಾಗೇ ಉಳಿದಿದೆ. ಕರ್ಕೊಂಡು ಬರ್ಲಾ?"

"ಸೋಮವಾರ ಕರ್ಕೊಂಡು ಬಾ. ನಾನೂ ಇರ್ತೀನಿ."

"ಮಾತು ಸಾಕು, ಮಿಷನ್ ಓಡಿಸಿ!" ಎಂದು ನಾಳೆಯಪ್ಪ ಗದರಿದರು. ಒಂದೂ ಓಡಲಿಲ್ಲ.

"ಎಷ್ಟು ಹೊತ್ತಿಗೆ ಅಕ್ಕ?"

"ಗಿರಾಕಿಗಳು ತುಂಬೋ ಹೊತ್ತಿಗೆ" ಅಂದಳು ದೊಡ್ಡಮ್ಮ.