ಚಕ್ರಕ್ಕೆ ಎಣ್ಣೆ ನೀರು

ಹೊನ್ನವಳ್ಳಿಯ ಬಸ್ ನಿಲ್ದಾಣದ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿರುವ ಲಿಂಗಣ್ಣನಿಗೆ ಲೋಕದಲ್ಲಿ ನಂಬಿಕೆ ಇರುವುದು ತನ್ನ ಕೈ ಮೇಲೆ ಮತ್ತು ಕೊಬ್ಬರಿ ಎಣ್ಣೆಯ ಮೇಲೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಕಾಲು ಉಳುಕಿದರೆ ಎಣ್ಣೆ, ನಟ್ಟು ಜಾಮಾದರೂ ಎಣ್ಣೆ. ಒಮ್ಮೆ ಕೆಟ್ಟುಹೋದ ರೇಡಿಯೋದೊಳಕ್ಕೂ ನಾಲ್ಕು ಹನಿ ಬಿಟ್ಟಿದ್ದ. ರೇಡಿಯೋ ಮತ್ತೆ ಬಾಯಿ ಬಿಡಲಿಲ್ಲ. ಅದು ಎಣ್ಣೆಯ ತಪ್ಪಲ್ಲ ಎಂದು ಇವತ್ತಿಗೂ ವಾದಿಸುತ್ತಾನೆ.

ಅಂಗಡಿ ಶುರುವಾಗಿದ್ದು ಸೈಕಲ್ಲಿಗೆಂದು. ಈಗ ಬರುವುದೆಲ್ಲ ಸ್ಕೂಟರು, ಬೈಕು. ಪ್ರೀತಿಯಿಂದ ಮುಟ್ಟಲು ಉಳಿದಿರುವುದು ಒಂದೇ ಸೈಕಲ್ಲು, ಹೈಸ್ಕೂಲಿನ ಪಿ.ಟಿ. ಟೀಚರ್ ಸ್ಪಂದನಳ ದಪ್ಪ ಟೈರಿನ ಮೌಂಟೇನ್ ಬೈಕು. ಅದು ಅಂಗಡಿಗೆ ಬಂದ ದಿನ ಲಿಂಗಣ್ಣ ಊಟಕ್ಕೂ ಏಳುತ್ತಿರಲಿಲ್ಲ.

ಆ ಸೈಕಲ್ಲಿಗೇ ಈಗ ಗಂಡಾಂತರ ಬಂದಿತ್ತು. ಹೋದ ವರ್ಷ ಹುಳಿಯಾರು ಕಡೆಯ ಗುಡ್ಡದ ರೇಸಿಗೆ ಹೋಗಿದ್ದ ಸ್ಪಂದನ, ಅರ್ಧ ದಾರಿಯಲ್ಲಿ ಟೈರಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು, ತೆಂಗಿನಕಾಯಿ ಹೇರಿದ್ದ ಗೂಡ್ಸ್ ಆಟೋ ಹತ್ತಿ, ಕಾಯಿಗಳ ಮೇಲೆ ಕೂತು ಊರಿಗೆ ಬಂದಿದ್ದಳು. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮುಂದಿನ ಸಲಾನೂ ಆಟೋದಾಗೆ ಬಂದ್ರೆ ಸೈಕಲ್ನ ಗುಜರಿಗೆ ಹಾಕ್ಬುಡ್ತೀನಿ" ಎಂದು ಅವಳ ಅತ್ತೆ ಕಲ್ಲಮ್ಮ ಘೋಷಿಸಿದರು. ಕಲ್ಲಮ್ಮ ಹೇಳಿದ್ದನ್ನು ಮಾಡದೆ ಬಿಡುವ ಪೈಕಿಯವರಲ್ಲ.

ಅದಕ್ಕೇ ಈ ಸಲ ರೇಸಿಗೆ ಮುಂಚೆ ಚಕ್ರಗಳನ್ನು ಟ್ಯೂಬ್‌ಲೆಸ್ ಮಾಡಿಸಲು ಸ್ಪಂದನ ಬಂದಳು. ರಿಮ್ಮಿಗೆ ಸುತ್ತುವ ಟೇಪು, ವಾಲ್ವು, ಬಾಟಲಿಯಲ್ಲಿ ಹಾಲಿನಂಥ ಅಂಟು, ಎಲ್ಲ ತರಿಸಿದ್ದಳು. ಟ್ಯೂಬ್ ತೆಗೆದು ಈ ಅಂಟನ್ನು ಟೈರಿನೊಳಗೆ ಬಿಟ್ಟರೆ, ಮುಳ್ಳು ಚುಚ್ಚಿದ ಕಡೆ ಅದೇ ಹರಿದು ಬಂದು ತೂತು ಮುಚ್ಚುತ್ತದೆ.

"ಇದನ್ನ ಮುಂಚೆ ಮಾಡಿದ್ದೀರಾ ಲಿಂಗಣ್ಣ?"

"ಸ್ಕೂಟ್ರುದ್ದು ದಿನಾ ನೋಡ್ತೀನಿ ಕಣಮ್ಮ. ಇದೇನು ಮಹಾ? ಶನಿವಾರ ಬೆಳಿಗ್ಗೆ ಬಂದು ತಗಂಡೋಗು."

ಟೇಪು ಸುತ್ತಿದ್ದಾಯಿತು, ವಾಲ್ವು ಕೂರಿಸಿದ್ದಾಯಿತು. ಟೈರಿನ ಅಂಚು ಮಾತ್ರ ರಿಮ್ಮಿನೊಳಗೆ ಸರಿದು ಕೂರಲು ಒಪ್ಪಲಿಲ್ಲ. ಸೋಪಿನ ನೀರು ಸವರಬೇಕೆಂದು ಬಾಟಲಿಯ ಮೇಲೆ ಚಿತ್ರವೇ ಇತ್ತು. ಕೊಬ್ಬರಿ ಸೀಮೆಯಲ್ಲಿ ಹುಟ್ಟಿದವನು ಸೋಪಿಗೆ ಕೈಚಾಚುವುದೇ? ಲಿಂಗಣ್ಣ ಅಂಚಿನ ಸುತ್ತಲೂ ಧಾರಾಳವಾಗಿ ಎಣ್ಣೆ ಸವರಿದ. ಕಂಪ್ರೆಸರ್ ಗಾಳಿ ನುಗ್ಗಿದ್ದೇ ತಡ, ಟೈರು ಪಟಪಟನೆ ಕೂತುಬಿಟ್ಟಿತು. ಅಂಟು ತುಂಬಿ, ಮೀಸೆ ತಿರುವಿ ಮನೆಗೆ ಹೋದ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎರಡೂ ಟೈರು ಸೊರಗಿ ಬಿದ್ದಿದ್ದವು. ಅಂಚಿನಿಂದ ಅಂಟು ಸೋರಿ ನೆಲವೆಲ್ಲ ಬೆಳ್ಳಗಾಗಿತ್ತು. ಲಿಂಗಣ್ಣ ಬಗ್ಗಿ ಅಂಚಿನ ಸುತ್ತ ಬೆರಳಾಡಿಸಿದ. ಮತ್ತೆ ಗಾಳಿ ತುಂಬಿ ಕೊಟ್ಟರೆ ಗುಡ್ಡದ ಬುಡದವರೆಗಾದರೂ ನಿಂತೀತು, ಆಮೇಲೆ ತಪ್ಪನ್ನು ಮುಳ್ಳಿನ ಮೇಲೆ ಹಾಕಿದರಾಯಿತು ಎಂಬ ಯೋಚನೆ ಬಂದಿದ್ದು ನಿಜ. ಪಾಪ, ಕೈ ಗಾಳಿ ಪೈಪಿನ ಮೇಲೂ ಹೋಗಿತ್ತು.

ಅಷ್ಟರಲ್ಲಿ ಕಾಫಿ ತಂದ ಹೆಂಡತಿ ಸುವರ್ಣಮ್ಮ ಮೂಗರಳಿಸಿದಳು. "ಎಣ್ಣೆ ಹಚ್ಚಿದ್ರಾ?"

"ಒಂಚೂರು."

"ಎಣ್ಣೆ ಇದ್ದ ಕಡೆ ಯಾವ ಅಂಟು ಹಿಡ್ದೈತ್ರೀ? ತಲೆಗೆ ಎಣ್ಣೆ ಇಟ್ಟ ದಿನ ನನ್ನ ಹಣೇಲಿ ಸ್ಟಿಕ್ಕರ್ರೇ ನಿಲ್ಲಕಿಲ್ಲ. ಎಣ್ಣೆ ಒತ್ತಿದ ಮ್ಯಾಲೆ ನೀರು ಹಾಕ್ದೆ ಬುಡ್ತಾರಾ?"

ಹಂಡೆಯ ಬಿಸಿನೀರು, ಸೀಗೆಪುಡಿ ಬಂದವು. ಅಂಗಡಿಯ ಮುಂದೆ ಬಾಂಡಲಿ ಇಟ್ಟುಕೊಂಡು ಲಿಂಗಣ್ಣ ಟೈರಿನ ಮೈ ಉಜ್ಜತೊಡಗಿದ. ಬಸ್ಸಿಗೆ ಕಾಯುತ್ತಿದ್ದವರಿಗೆ ಬಿಟ್ಟಿ ಮನರಂಜನೆ. "ಏನ್ಲಾ ಲಿಂಗ, ನಿಮ್ಮನೆ ಟೈರ್‌ಗೆ ಇವತ್ತೇ ಯುಗಾದೀನಾ?" ಎಂದು ಯಾರೋ ಕೂಗಿದರು. ಸ್ಪಂದನ ಬಂದು ನಿಂತದ್ದೂ ಆಗಲೇ.

"ನಾನೇ ಕೆಡಿಸ್ದೆ ಕಣಮ್ಮ" ಎಂದ ಲಿಂಗಣ್ಣ, ಎಲ್ಲರಿಗೂ ಕೇಳುವಂತೆ. "ಎಣ್ಣೆ ಹಾಕ್ಬಾರ್ದಾಗಿತ್ತು." ನಾಚಿಕೆಗೆ ಅವನ ಕಿವಿ ಬಿಸಿಯಾಗಿತ್ತು. ಸ್ಪಂದನ ಅಂಗಿಯ ತೋಳು ಮಡಚಿ, ಇನ್ನೊಂದು ಟೈರು ತೊಳೆಯಲು ಕೂತಳು. ರಿಮ್ಮು ಒರೆಸಿ, ಹೊಸ ಟೇಪು ಸುತ್ತಿ, ಸೀಗೆಯ ನೊರೆಯಲ್ಲೇ ಅಂಚು ಜಾರಿಸಿ, ಉಳಿದ ಅಂಟು ತುಂಬಿದರು.

ಭಾನುವಾರ, ರೇಸಿನ ದಿನ, ಲಿಂಗಣ್ಣ ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಗೂಡ್ಸ್ ಆಟೋ ಸದ್ದಾದರೆ ಸಾಕು, ಎದ್ದು ರಸ್ತೆಗೆ ಬರುತ್ತಿದ್ದ. ಸಂಜೆ ಸ್ಪಂದನ ಬಂದಳು, ಹುಳಿಯಾರು ಕಡೆಯಿಂದ ಇಷ್ಟು ದೂರವೂ ತುಳಿದುಕೊಂಡೇ. ಮೈಯೆಲ್ಲ ಕೆಮ್ಮಣ್ಣು. ಮುಂದಿನ ಟೈರಿನಲ್ಲಿ ಬೆರಳುದ್ದದ ಜಾಲಿಮುಳ್ಳು, ಅದರ ಬುಡದಲ್ಲಿ ಒಣಗಿದ ಅಂಟಿನ ಬಿಳಿ ಚುಕ್ಕೆ. ಲಿಂಗಣ್ಣ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಕಲ್ಲಿನಷ್ಟು ಗಟ್ಟಿ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅತ್ತೇಬಿಟ್ಟ.

"ಎಲ್ಲರಿಗಿಂತ ಕೊನೆಗೆ ಬಂದೋಳು ನಾನು. ನೀವ್ಯಾಕೆ ಅಳ್ತೀರಿ?" ಎಂದು ಸ್ಪಂದನ ನಕ್ಕಳು.

"ಅತ್ತಿದ್ದು ಸಾಕು, ಆ ಮುಳ್ಳು ಕೀಳ್ರೀ" ಎಂದು ಸುವರ್ಣಮ್ಮ ಇಕ್ಕಳ ತಂದಳು.

ಸ್ಪಂದನ ಚಕ್ರಕ್ಕೆ ಕೈ ಅಡ್ಡ ಇಟ್ಟಳು.

"ಬ್ಯಾಡ, ಇರ್ಲಿ ಬುಡಿ. ಮೊದ್ಲು ನಮ್ಮತ್ತೆ ನೋಡ್ಲಿ."